ಕೆಟ್ಟ ಬಟ್ಟೆಯ ಪಾಠ

ನಮ್ಮಕ್ಕನ ಕೈ ನೋಡಿದವರು ಅವಳು ಕಾಲೇಜಿನ ಮೇಡಂ ಎಂದರೆ ನಂಬುವುದಿಲ್ಲ. ಒಂದು ವಾರ ಬೆರಳೆಲ್ಲ ನೀಲಿ, ಇನ್ನೊಂದು ವಾರ ಕೆಂಪು. "ನಿಮ್ಮಕ್ಕ ಹಿಟ್ಟು ಕಲಸಿದ್ರೆ ಹಿಟ್ಟಿಗೂ ಬಣ್ಣ ಹತ್ತುತ್ತೆ ಕಣಯ್ಯ" ಎಂದು ಭಾವ ಗೋಳಾಡುತ್ತಿದ್ದರು. ಗೋಳಾಡಿದರೇ ಹೊರತು ಹಿಟ್ಟು ಕಲಸಲು ತಾವೇನೂ ಮುಂದೆ ಬರಲಿಲ್ಲ.

ಬಟ್ಟೆ ತಯಾರಿಕೆಯ ಡಿಗ್ರಿ ಓದುವ ಮಕ್ಕಳಿಗೆ ಅಕ್ಕ ಬಣ್ಣ ಹಾಕುವುದನ್ನು ಕಲಿಸುತ್ತಾಳೆ. ಕಾಲೇಜಿನ ಗೇಟಿನೆದುರೇ ನನ್ನ ಜೆರಾಕ್ಸ್ ಅಂಗಡಿ. ಡಿಗ್ರಿ ಮುಗಿಸಿದವರು ಬಟ್ಟೆ ಮಿಲ್ಲಿನ ಕೆಲಸಕ್ಕೆಂದು ನನ್ನಲ್ಲಿ ಅರ್ಜಿ ಪ್ರಿಂಟ್ ಹಾಕಿಸಿ, ಕೊನೆಗೆ ಮೊಬೈಲ್ ಅಂಗಡಿ ಸೇರುತ್ತಿದ್ದರು. "ನಿಮ್ಮ ಮಕ್ಕಳದ್ದು ಬರೀ ಪುಸ್ತಕದ ಬದನೆಕಾಯಿ" ಎನ್ನುತ್ತಿದ್ದರು ಮಿಲ್ಲಿನವರು. ಕಡೆಗೆ ಕಾಲೇಜಿನ ಆಡಳಿತದವರು ಅಕ್ಕನನ್ನು ಕರೆದು, ಮಿಲ್ಲಿನವರು ಒಪ್ಪುವಂಥ ಹೊಸ ಕೋರ್ಸ್ ಮಾಡಿ, ಇಲ್ಲವಾದರೆ ವಿಭಾಗ ಮುಚ್ಚುತ್ತೇವೆ ಎಂದುಬಿಟ್ಟರು.

ಅಕ್ಕ ಪಟ್ಟು ಹಿಡಿದು ಕೂತು ಕೋರ್ಸು ಬರೆದಳು. ಮಕ್ಕಳಿಗೆ ವಾರದಲ್ಲಿ ಅರ್ಧ ಕಾಲೇಜು, ಅರ್ಧ ಮಿಲ್ಲು. ಅದರ ಜೊತೆಗೆ 'ಕೆಟ್ಟ ಬಟ್ಟೆ' ಎಂಬ ಒಂದು ಇಡೀ ವಿಷಯ! ಕಲೆ ಬಿದ್ದ, ಕುಗ್ಗಿದ, ಬಣ್ಣ ಬಿಟ್ಟ ಬಟ್ಟೆಯನ್ನು ಮೂಟೆಗಟ್ಟಲೆ ತರಿಸುವುದು. ಅದು ಹೇಗೆ ಕೆಟ್ಟಿತೆಂದು ಮಕ್ಕಳು ಹುಡುಕಬೇಕು, ತಾವೂ ಹಾಗೇ ಕೆಡಿಸಿ ತೋರಿಸಬೇಕು.

"ಡಿಗ್ರಿ ಕೊಡ್ತೀರೋ, ಚಿಂದಿ ಅಂಗಡಿ ಇಡ್ತೀರೋ?" ಎಂದು ಪ್ರಿನ್ಸಿಪಾಲರು ಮೂಗು ಮುರಿದರು.

"ಬಟ್ಟೆ ಚೆನ್ನಾಗಿ ಬಂದಾಗ ನಮ್ಮ ಮಕ್ಕಳು ಯಾರಿಗೆ ಬೇಕು ಸರ್? ಕೆಟ್ಟಾಗ ತಾನೇ ಕರೆಯೋದು" ಎಂದಳು ಅಕ್ಕ.

ನಿಜ ಹೇಳಬೇಕೆಂದರೆ ನನಗೂ ಅದು ಅತಿ ಅನ್ನಿಸಿತ್ತು. "ನಿನ್ನ ಕೋರ್ಸು ಟೈಪ್ ಮಾಡೋವಾಗ ಆ ಪುಟ ಹಾರಿಸಿಬಿಡ್ಲಾ ಅಕ್ಕ?" ಎಂದು ತಮಾಷೆ ಮಾಡಿದ್ದಕ್ಕೆ ಅವಳು ಎರಡು ದಿನ ನನ್ನೊಡನೆ ಮಾತು ಬಿಟ್ಟಳು. ನಾನು ಬೇಡವೆಂದರೂ, ಪ್ರಿನ್ಸಿಪಾಲರು ಬೇಡವೆಂದರೂ, ಕೊನೆಯ ವರ್ಷದವರಿಗೆ ಆ ಪಾಠ ಶುರು ಮಾಡಿಯೇಬಿಟ್ಟಳು.

ಮಿಲ್ಲಿನಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುವ ಮ್ಯಾನೇಜರಮ್ಮ ಪರೀಕ್ಷಿಸಲು ಬಂದ ದಿನ ನಾನು ಕೋರ್ಸಿನ ಪ್ರಿಂಟುಗಳ ಕಟ್ಟು ಹಿಡಿದು ಲ್ಯಾಬಿನ ಬಾಗಿಲಲ್ಲಿದ್ದೆ. ಆಕೆ ಒಪ್ಪಿದರೆ ಕೋರ್ಸು, ಇಲ್ಲವಾದರೆ ಬೀಗ. ಆಕೆ ಮೊದಲೇ ಕಳಿಸಿದ್ದ ಹಸಿರು ಬಟ್ಟೆಯ ತುಂಡಿಗೆ ಸರಿಹೊಂದುವಂತೆ ಮಕ್ಕಳು ಬಟ್ಟೆಯೊಂದನ್ನು ಬಣ್ಣದಲ್ಲಿ ಅದ್ದಿಟ್ಟಿದ್ದರು. ಟ್ಯೂಬ್‌ಲೈಟಿನ ಕೆಳಗೆ ಎರಡೂ ಒಂದೇ. ಪ್ರಿನ್ಸಿಪಾಲರು ಆಗಲೇ ನಗತೊಡಗಿದ್ದರು.

ಮ್ಯಾನೇಜರಮ್ಮ ಎರಡನ್ನೂ ವರಾಂಡಕ್ಕೆ ಒಯ್ದು ಬಿಸಿಲಿಗೆ ಹಿಡಿದರು. ನಮ್ಮದು ಹಸಿರೋ ಕಂದೋ ಗೊತ್ತಾಗದಂತಾಗಿತ್ತು. ಎರಡು ಬಟ್ಟೆಗೂ ದೂರದ ನೆಂಟಸ್ತಿಕೆಯೂ ಇರಲಿಲ್ಲ.

"ಇದನ್ನ ಕಳಿಸಿದ್ರೆ ಇಡೀ ಲಾಟು ವಾಪಸ್ ಬರುತ್ತೆ" ಎಂದರು.

ಪ್ರಿನ್ಸಿಪಾಲರು ಅಕ್ಕನನ್ನು ದುರುಗುಟ್ಟಿ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

ಆಗ ಸಣಕಲು ಹುಡುಗಿಯೊಬ್ಬಳು ಮುಂದೆ ಬಂದಳು. "ಇದು ನಾನು ಕೆಡಿಸಿದ್ದು ಮೇಡಂ. ಯಾವಾಗ್ಲೂ ಹಾಕೋ ಹಳದಿ ಪುಡಿ ಮುಗಿದಿತ್ತು, ಬೇರೆ ಹಳದಿ ಸೇರಿಸಿದೆ. ಅದು ಟ್ಯೂಬ್‌ಲೈಟಲ್ಲಿ ಒಂಥರಾ, ಬಿಸಿಲಲ್ಲಿ ಇನ್ನೊಂಥರಾ ಕಾಣುತ್ತೆ. ಬಿಸಿಲಿಗೆ ಹಿಡಿದು ನೋಡ್ಬೇಕಿತ್ತು, ನೋಡ್ಲಿಲ್ಲ."

"ನೀನು ಸುಮ್ನಿರಮ್ಮ" ಎಂದು ಪ್ರಿನ್ಸಿಪಾಲರು ಗದರಿದರು.

"ಇರಿ ಸರ್, ಹೇಳ್ಲಿ" ಎಂದರು ಮ್ಯಾನೇಜರಮ್ಮ. ಬಟ್ಟೆ ಮಡಚಿ ಪ್ರಿನ್ಸಿಪಾಲರತ್ತ ತಿರುಗಿದರು. "ನಮ್ಮಲ್ಲಿ ಬಟ್ಟೆ ಕೆಟ್ರೆ ಯಾಕೆ ಕೆಡ್ತು ಅಂತ ತಿಳಿಯೋಕೇ ಅರ್ಧ ಶಿಫ್ಟ್ ಬೇಕು. ಕೇಳಿದವರೆಲ್ಲ 'ನಾನಲ್ಲ' ಅನ್ನೋರೇ. ಇದನ್ನ ಇವರಿಗೆ ಯಾರು ಕಲಿಸಿದ್ದು?"

ಮಕ್ಕಳೆಲ್ಲ ಅಕ್ಕನತ್ತ ಕೈ ತೋರಿಸಿದರು.

"ಸೋಮವಾರದಿಂದ ಎಲ್ರನ್ನೂ ಮಿಲ್ಲಿಗೆ ಕಳಿಸಿ ಮೇಡಂ. ಕೋರ್ಸಿಗೆ ನಾವು ಒಪ್ಪಿದ್ದೀವಿ."

"ಇದು ಮೊದಲಿಂದ್ಲೂ ನಮ್ಮ ಕಾಲೇಜಿನ ಯೋಚನೆ ನೋಡಿ" ಎಂದು ಪ್ರಿನ್ಸಿಪಾಲರು ಶುರು ಹಚ್ಚಿಕೊಂಡರು. ಅಕ್ಕ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಕಣ್ಣೊರೆಸಿಕೊಂಡು ಆ ಹುಡುಗಿಯ ಕೈ ಹಿಡಿದಳು.

"ನಡಿ, ಬಿಸಿಲು ಇಳಿಯೋದ್ರೊಳಗೆ ಇನ್ನೊಂದು ಸಲ ಅದ್ದೋಣ."