ಪರದೆಯ ಆಚೆ ಕೂತವಳು

ಹೊಲಿಗೆ ಯಂತ್ರ ರಿಪೇರಿಯ ಆ ಅಂಗಡಿಯಲ್ಲಿ ಒಂದು ಹಸಿರು ಪರದೆ. ಪರದೆಯ ಈಚೆ ಕುರ್ಚಿ ಹಾಕಿಕೊಂಡು ಸೋದರಮಾವ ಗಿರಾಕಿಗಳನ್ನು ಮಾತಾಡಿಸುತ್ತಾರೆ. ಆಚೆ ಅವರ ಅಕ್ಕನ ಮಗಳು ಯಂತ್ರ ಬಿಚ್ಚುತ್ತಾಳೆ. ಹದಿನಾಲ್ಕು ವರ್ಷದಿಂದ ಇದೇ ಏರ್ಪಾಡು. ಕೈ ಅವಳದು, ಬಾಯಿ ಮಾವನದು. ಗಿರಾಕಿ ಎದುರಿಗೆ ಬಂದರೆ ಸಾಕು, ಅವಳ ನಾಲಿಗೆ ಹಿಡಿದುಕೊಂಡುಬಿಡುತ್ತಿತ್ತು. ಫೋಟೋ ಅಂದರಂತೂ ಮುಗಿಯಿತು. ಮನೆಯವರ ಯಾವ ಫೋಟೋ ತೆಗೆದು ನೋಡಿ, ಅವಳ ಪಾಲಿಗೆ ಅರ್ಧ ಭುಜ ಸಿಕ್ಕಿದರೆ ಹೆಚ್ಚು.

ಈಚೆಗೆ ಮಾವನ ಕಣ್ಣು ಮಂಜಾಗತೊಡಗಿತು. ಒಂದು ಬೆಳಿಗ್ಗೆ ಸುತ್ತಿ ಬಳಸದೆ ಹೇಳಿಯೇಬಿಟ್ಟರು: "ಪುಟ್ಟೀ, ಬರೋ ತಿಂಗಳಿಂದ ಮುಂದಿನ ಕುರ್ಚೀಲಿ ನೀನು ಕೂರ್ಬೇಕು. ಆಗಲ್ಲ ಅಂದ್ರೆ ಹೇಳು, ಅಂಗಡಿ ಬೇರೆಯವರಿಗೆ ಬಿಟ್ಟುಕೊಡೋಣ."

ಅವಳು ತಲೆಯಾಡಿಸಿದಳು. ಹೂಂ ಎಂದೋ ಊಹೂಂ ಎಂದೋ ಮಾವನಿಗೆ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೂ ಗೊತ್ತಿರಲಿಲ್ಲ. ಅಂಗಡಿ ಹೋದರೆ ಈ ಕೈಗಳಿಗೆ ಬೇರೆ ಕೆಲಸವಿಲ್ಲ ಎಂಬುದು ಮಾತ್ರ ಗೊತ್ತಿತ್ತು.

ಅವಳಿಗೊಂದು ಅಭ್ಯಾಸ. ಒಮ್ಮೆ ಯಂತ್ರ ಜೋಡಿಸಿ ಮುಗಿಸಿದ ಮೇಲೂ ಒಂದು ಸ್ಪ್ರಿಂಗು ಮೇಜಿನ ಮೇಲೆ ಮಿಕ್ಕು ಮಾನ ಹೋಗಿತ್ತು. ಅಂದಿನಿಂದ ಒಂದೊಂದು ಸ್ಕ್ರೂ ಬಿಚ್ಚುವ ಮುಂಚೆಯೂ ಫೋಟೋ. ಫೋಟೋ ಸಾಲದೆ ಆಮೇಲೆ ವಿಡಿಯೊ. ಯಂತ್ರದ ಆ ಬದಿಯಲ್ಲಿ ದಾರದ ದೊಡ್ಡ ಉಂಡೆಗೆ ಫೋನ್ ಒರಗಿಸಿ, ತನ್ನ ಕೈ ಮಾತ್ರ ಕಾಣುವಂತೆ ಬಗ್ಗಿಸಿಟ್ಟರೆ ಆಯಿತು. ಮನೆಗೆ ಹೋಗಿ ಅದನ್ನು ನೋಡುವುದೇ ಒಂದು ಮೋಜು. ಅರೆ, ನನ್ನ ಹೆಬ್ಬೆರಳು ಈ ಜಾಣತನ ಎಲ್ಲಿ ಕಲಿಯಿತು ಎಂದು ಹಿಂದಕ್ಕೆಳೆದು ಮತ್ತೆ ಮತ್ತೆ ನೋಡುತ್ತಿದ್ದಳು.

ಆ ವಾರವೇ ಎಡವಟ್ಟಾಯಿತು. ಉಂಡೆ ಜರುಗಿ, ಫೋನ್ ಹಿಂದಕ್ಕೆ ವಾಲಿ, ಕೈಯ ಬದಲು ಅರ್ಧ ಗಂಟೆಯೂ ಅವಳ ಮುಖವೇ ತುಂಬಿಕೊಂಡಿತ್ತು. ಥೂ ಎಂದು ಅಳಿಸಲು ಬೆರಳಿಟ್ಟವಳು ತಡೆದಳು. ಆ ಮುಖ ಮಾತಾಡುತ್ತಿತ್ತು! ಎಲ್ಲಿ ಹಿಡಿದುಕೊಂಡಿದೆ ನಿನಗೆ ಎಂದು ಯಂತ್ರವನ್ನು ವಿಚಾರಿಸುತ್ತಿತ್ತು, ಗದರುತ್ತಿತ್ತು, ಸ್ಪ್ರಿಂಗು ಸರಿಯಾಗಿ ಕೂತಾಗ ಹುಬ್ಬು ಹಾರಿಸುತ್ತಿತ್ತು. ಒಂದು ತಡವರಿಕೆ ಇಲ್ಲ. ಕೆಲಸದ ನಡುವೆ ತಾನು ಮಾತಾಡುವುದು ಅವಳಿಗೇ ತಿಳಿದಿರಲಿಲ್ಲ. ರಸ್ತೆಯ ಗದ್ದಲದಲ್ಲಿ ಮಾವನಿಗೂ ಕೇಳಿರಲಿಲ್ಲ. ಯಾರಪ್ಪ ಇವಳು ಎಂದು ಅವಳಿಗೆ ತಡೆಯಲಾರದಷ್ಟು ಕುತೂಹಲ ಹುಟ್ಟಿತು.

ಮಾರನೆಯ ದಿನ ಬೇಕೆಂದೇ ಫೋನನ್ನು ವಾಲಿಸಿಟ್ಟಳು. ಮೊದಮೊದಲು ಕ್ಯಾಮೆರಾ ಇದೆ ಎಂಬ ನೆನಪಿಗೇ ಮುಖ ಸೆಟೆದುಕೊಂಡಿತು. ನಾಲ್ಕನೆಯ ದಿನ ಕೆಲಸದ ಗುಂಗಿನಲ್ಲಿ ಅದೂ ಮರೆತುಹೋಯಿತು. ನೋಡಿ ನೋಡಿ ಕೊನೆಗೊಂದು ಗುಟ್ಟು ಹಿಡಿದಳು: ಕಣ್ಣು ಯಂತ್ರದ ಮೇಲಿರುವಷ್ಟು ಹೊತ್ತೂ ಬಾಯಿ ತನ್ನ ಪಾಡಿಗೆ ನಡೆಯುತ್ತದೆ.

ತಿಂಗಳ ಮೊದಲ ದಿನ ಮಾವ ತಾವೇ ಪರದೆಯ ಆಚೆ ಹೋಗಿ ಕೂತರು. ಬಾಯಿ ಜೋರಿನ ಒಬ್ಬ ಟೈಲರಮ್ಮ ಬಂದು ಯಂತ್ರವನ್ನು ಕೌಂಟರಿನ ಮೇಲೆ ಕುಕ್ಕಿದಳು. ಬಟ್ಟೆಯ ಕೆಳಗೆ ದಾರ ಗಂಟು ಗಂಟಾಗುತ್ತಿದೆ, ಕೆಳದಾರ ಸುತ್ತಿದ ಬಾಬಿನ್ ಮೂರು ಸಲ ಬದಲಾಯಿಸಿದರೂ ಅದೇ ಗೋಳು, ನಿನಗೆ ಹೇಳಿ ಏನು ಪ್ರಯೋಜನ, ಮಾವನನ್ನು ಕರಿ ಎಂದಳು.

ನಾಲಿಗೆ ಹಿಡಿದುಕೊಂಡಿತು. ಪರದೆ ಎರಡೇ ಹೆಜ್ಜೆ ದೂರವಿತ್ತು. ಅವಳು ಆ ಕಡೆ ನೋಡದೆ ಯಂತ್ರವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು, ಮೇಲಿನ ದಾರ ಬಿಗಿ ಹಿಡಿಯುವ ಎರಡು ಬಿಲ್ಲೆಗಳ ನಡುವೆ ಸೂಜಿ ಆಡಿಸಿದಳು.

"ಗಂಟು ಕೆಳಗಡೆ ಬರುತ್ತೆ ಅಂತ ಎಲ್ರೂ ಬಾಬಿನ್ನನ್ನೇ ಬೈತಾರೆ," ಎಂದಳು, ಯಂತ್ರಕ್ಕೆ. "ಪಾಪ, ಅದರ ತಪ್ಪೇನಿಲ್ಲ. ಬಿಗಿ ತಪ್ಪಿರೋದು ಮೇಲ್ಗಡೆ." ಬಿಲ್ಲೆಗಳ ನಡುವಿನಿಂದ ಕೆಂಪು ದಾರದ ಒಂದು ಚೂರು ಹೊರಬಂತು. ಅದನ್ನು ಹಿಡಿದು ತಲೆಯೆತ್ತಿ ಟೈಲರಮ್ಮನ ಮುಖವನ್ನೇ ನೋಡಿದಳು. "ನೋಡಿ ಅಕ್ಕ, ಇಷ್ಟೇ. ಇನ್ಮೇಲೆ ದಾರ ತೆಗೆಯೋವಾಗ ಬಟ್ಟೆ ಒತ್ತಿ ಹಿಡಿಯೋ ಈ ಪಾದ ಎತ್ತಿ ಎಳೀರಿ, ತುಂಡಾಗಿ ಒಳಗೆ ಉಳಿಯಲ್ಲ."

ಟೈಲರಮ್ಮ ಹೌದಾ ಎಂದು ಬಗ್ಗಿ ಆ ಚೂರನ್ನು ನೋಡಿದಳು. ಪರದೆಯ ಹಿಂದೆ ಕುರ್ಚಿ ಕಿರುಗುಟ್ಟಿತು.

"ಯಾರಮ್ಮ ಅದು ಮಾತಾಡ್ತಿರೋದು?" ಎಂದು ಮಾವ ಕೇಳಿದರು. "ಬೇರೆ ಯಾರಾದ್ರೂ ಬಂದಿದ್ದಾರಾ?"

"ಇಲ್ಲ ಮಾವ, ನಾನೇ. ನೀವು ಅಲ್ಲೇ ಕೂತಿರಿ."