ಹೂವಿಗೆ ದಾರ ಕಟ್ಟುವ ಎಂ.ಎ.

ನಾನು ಓದಿದ ಇತಿಹಾಸ ವಿಭಾಗದವರಿಗೆ ನನ್ನ ನೆನಪಾಗುವುದು ಅಪರೂಪ. ಎಂ.ಎ. ಮುಗಿಸಿ ಊರಿಗೆ ಬಂದ ಹೊಸತರಲ್ಲಿ ಒಮ್ಮೆ, ಗ್ರಂಥಾಲಯದ ಪುಸ್ತಕವೊಂದು ವಾಪಸು ಬಂದಿಲ್ಲವೆಂದು ಕಾಗದ ಬರೆದಿದ್ದರು. ಪುಸ್ತಕವನ್ನು ಹಿಂದಿರುಗಿಸಿದ್ದೇನೆ ಎಂದು ನಾನು ಈಗಲೂ ನಂಬಿದ್ದೇನೆ. ಕಪಾಟಿನ ಕೆಳಗಿನ ಅರೆಯನ್ನು ಮಾತ್ರ ಇನ್ನೂ ಹುಡುಕಿಲ್ಲ. ಎರಡನೆಯ ಸಲ ಅವರಿಗೆ ನನ್ನ ನೆನಪಾದದ್ದು ಈ ವರ್ಷ, ಮೊಬೈಲಿನ ಮೂಲಕ. ಹಳೆಯ ವಿದ್ಯಾರ್ಥಿಗಳೆಲ್ಲ ತುಂಬಿ ಕಳಿಸಬೇಕಾದ ಒಂದು ಫಾರ್ಮು. ಹೆಸರು, ತೇರ್ಗಡೆಯಾದ ವರ್ಷ, ಈಗಿನ ಉದ್ಯೋಗ. ಅಲ್ಲಿಯವರೆಗೆ ಸುಖವಾಗಿತ್ತು. ಆಮೇಲೆ ಬಂತು ಪ್ರಶ್ನೆ: ‘ನಿಮ್ಮ ಪದವಿಗೂ ಈಗಿನ ಉದ್ಯೋಗಕ್ಕೂ ಸಂಬಂಧವಿದೆಯೇ?’ ಕೆಳಗೆ ಮೂರು ಸೊನ್ನೆಗಳು. ಪೂರ್ಣವಾಗಿ ಇದೆ, ಭಾಗಶಃ ಇದೆ, ಇಲ್ಲ. ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ಉತ್ತರಿಸದೆ ಮುಂದೆ ಹೋಗುವಂತಿಲ್ಲ.

ಆಗ ನಾನು ರಾಣೇಬೆನ್ನೂರಿನ ಪಕ್ಕದ ಹಲಗೇರಿಯಲ್ಲಿ, ಬಲೆ ಕಟ್ಟಿದ ಹೊಲದೊಳಗೆ ಟೊಮೆಟೊ ಸಾಲುಗಳ ನಡುವೆ ನಿಂತಿದ್ದೆ. ಬೆರಳ ತುದಿಗೆಲ್ಲ ಹಳದಿ ಪರಾಗ. ಯಾವ ಸೊನ್ನೆಯನ್ನು ಒತ್ತಲಿ ಎಂದು ಬೆರಳು ಆಡಿಸಿ ಆಡಿಸಿ, ಕೊನೆಗೆ ಮೂರರ ಮೇಲೂ ಹಳದಿ ಮೆತ್ತಿಕೊಂಡಿತು. ಫಾರ್ಮು ಅದನ್ನು ಉತ್ತರವೆಂದು ಒಪ್ಪಲಿಲ್ಲ.

ನನ್ನ ಕೆಲಸವನ್ನು ನಿಮಗೆ ಹೇಳಿಬಿಡುವುದು ಒಳ್ಳೆಯದು. ಹೇಳದೆ ಹೋದರೆ ನೀವು ಏನೋ ದೊಡ್ಡದನ್ನು ಊಹಿಸಿಕೊಳ್ಳುತ್ತೀರಿ. ಹೈಬ್ರಿಡ್ ಬೀಜ ಮಾಡುವ ಕಂಪನಿಯೊಂದರಲ್ಲಿ ನಾನು ಮೇಲ್ವಿಚಾರಕಿ. ನಮ್ಮ ಕಡೆ ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ. ಸಂಜೆ ಹೆಣ್ಣುಮಕ್ಕಳು ಚಿಮಟ ಹಿಡಿದು, ನಾಳೆ ಅರಳಲಿರುವ ಮೊಗ್ಗನ್ನು ಬಿಡಿಸಿ, ಒಳಗಿನ ಕೇಸರವನ್ನು ಕಿತ್ತು, ತೊಟ್ಟಿಗೊಂದು ಬಣ್ಣದ ದಾರ ಕಟ್ಟುತ್ತಾರೆ. ಮರುದಿನ ಹೊತ್ತೇರುವ ಮೊದಲು ಅದೇ ಹೂವಿಗೆ ಬೇರೆ ತಳಿಯ ಪರಾಗ ಮುಟ್ಟಿಸಬೇಕು. ಒಂದೊಂದು ದಿನಕ್ಕೆ ಒಂದೊಂದು ಬಣ್ಣ. ಬೆಳಿಗ್ಗೆ ಬಂದವರು ದಾರದ ಬಣ್ಣ ನೋಡಿ, ನಿನ್ನೆಯ ಹೂವು ಯಾವುದು, ಮೊನ್ನೆಯದು ಯಾವುದು ಎಂದು ತಿಳಿಯುತ್ತಾರೆ. ಕೆಲಸಕ್ಕೆ ಬರುವ ಹೆಂಗಸರು ಇದನ್ನು ಹೂವಿನ ಲಗ್ನ ಎನ್ನುತ್ತಾರೆ. ನನ್ನನ್ನು ಕಂಡರೆ, “ಬಂದ್ರು ನೋಡ್ರಿ ಬೀಗತಿ. ಲಗ್ನದಾಗ ದುಡಿಯೋರು ನಾವು, ತಪ್ಪು ಹುಡುಕೋರು ಇವ್ರು” ಎಂದು ನೀಲವ್ವ ನನಗೆ ಕೇಳಿಸುವಂತೆಯೇ ಹೇಳುತ್ತಾಳೆ.

ಎಂ.ಎ.ಯಲ್ಲಿ ನಾನು ಓದಿದ್ದು ಶಾಸನಗಳನ್ನು. ಈ ಸೀಮೆಯಲ್ಲಿ ಅವುಗಳಿಗೆ ಬರವಿಲ್ಲ. ಎಷ್ಟೋ ಊರಿನ ಗುಡಿಯ ಮಗ್ಗುಲಲ್ಲಿ ಒಂದು ವೀರಗಲ್ಲು ಇರುತ್ತದೆ, ಯಾರದೋ ಎಮ್ಮೆ ಅದಕ್ಕೆ ಮೈ ಉಜ್ಜುತ್ತಿರುತ್ತದೆ. ಫಾರ್ಮು ಬಂದ ದಿನ ನನಗೆ ಆ ಕಲ್ಲುಗಳ ನೆನಪಾಯಿತು. ಕಳುವಾದ ದನಗಳನ್ನು ಬಿಡಿಸಿಕೊಂಡು ಬರಲು ಹೋಗಿ ಒಬ್ಬ ಸತ್ತ ಎಂದು ಕಲ್ಲು ಹೇಳುತ್ತದೆ. ಅವನು ಕತ್ತಿವರಸೆ ಕಲಿತವನೋ, ಕುಂಟೆ ಹೊಡೆಯುತ್ತಿದ್ದವನೋ, ಅವನ ಕೌಶಲಕ್ಕೂ ಆ ಕೆಲಸಕ್ಕೂ ಪೂರ್ಣ ಸಂಬಂಧವಿತ್ತೋ ಭಾಗಶಃ ಇತ್ತೋ ಎಂದು ನಾನು ಓದಿದ ಕಲ್ಲುಗಳಲ್ಲಿ ಯಾರೂ ಕೆತ್ತಿಸಿರಲಿಲ್ಲ. ದನ ಮನೆಗೆ ಬಂದವು. ಊರಿನವರಿಗೆ ಅಷ್ಟು ಸಾಕಾಗಿತ್ತು.

ಓದಿನಿಂದ ನನಗೆ ಅಂಟಿಕೊಂಡದ್ದು ಒಂದು ಚಟ. ಅಂದಂದಿನದನ್ನು ಅಂದೇ ಬರೆದಿಡುವುದು. ಆ ದಿನವೇ ಬರೆದ ಒಂದು ಸಾಲು, ನಲವತ್ತು ವರ್ಷದ ನಂತರ ಆಣೆ ಮಾಡಿ ಹೇಳುವ ಸಾಕ್ಷಿಗಿಂತ ಮೇಲು ಎಂದು ನಮ್ಮ ಮೇಷ್ಟ್ರು ಹೇಳುತ್ತಿದ್ದರು. ಹೇಳುತ್ತಿದ್ದರು ಎಂದು ನೆನಪು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಇದು ವಿನಯವಲ್ಲ, ಪೆಟ್ಟು ತಿಂದು ಕಲಿತದ್ದು. ಮದುವೆಮನೆಗಳಲ್ಲಿ ಯಾರಾದರೂ “ಅಷ್ಟ್ ಓದಿ ಹೊಲದಾಗ ಯಾಕ ನಿಂತಿ?” ಎಂದು ಕೇಳಿದಾಗಲೆಲ್ಲ, ಹೊಲವೆಂದರೆ ಪ್ರೀತಿ, ಅದಕ್ಕೇ ಆರಿಸಿಕೊಂಡೆ ಎನ್ನುತ್ತಿದ್ದೆ. ಹೇಳಿ ಹೇಳಿ ಅದು ನನಗೂ ನಿಜವಾಗಿತ್ತು. ಒಂದು ದಿನ ಹಳೆಯ ಡೈರಿ ತೆಗೆದು ನೋಡಿದರೆ, ಕೆಲಸಕ್ಕೆ ಸೇರಿದ ದಿನ ನನ್ನದೇ ಅಕ್ಷರದಲ್ಲಿ ಹೀಗಿದೆ: ‘ಬೀಜದ ಕಂಪನಿಯವರು ಕರೆದರು. ಎರಡು ತಿಂಗಳು ಮಾತ್ರ. ಅಷ್ಟರಲ್ಲಿ ಕಾಲೇಜಿನ ಕೆಲಸ ಸಿಗುತ್ತದೆ. ಚಪ್ಪಲಿ ಕಿತ್ತುಹೋಯಿತು. ಬಸ್ಸಿನಲ್ಲಿ ಅಳು ಬಂತು.’ ಆ ಎರಡು ತಿಂಗಳಿಗೆ ಈಗ ಒಂಬತ್ತು ವರ್ಷ.

ಇಂಥ ನನ್ನನ್ನು ಒಬ್ಬರು ಸಾಕ್ಷಿಯಾಗಿ ಬಳಸಿಕೊಂಡಿದ್ದಾರೆ ಎಂದು ತಿಳಿದದ್ದು ಫಾರ್ಮು ಬಂದ ವಾರದಲ್ಲೇ.

ನೀಲವ್ವನ ಮಗಳು ಅನಿತಾ ಪಿಯುಸಿ ಮುಗಿಸಿ, ರಜೆಯಲ್ಲಿ ಅಮ್ಮನ ಜೊತೆ ಕ್ರಾಸಿಂಗಿಗೆ ಬರುತ್ತಿದ್ದಳು. ಅವಳಿಗೆ ಹಾವೇರಿಯ ಕಾಲೇಜಿನಲ್ಲಿ ಇತಿಹಾಸ ತೆಗೆದುಕೊಂಡು ಬಿ.ಎ. ಮಾಡುವ ಆಸೆ. ಸೋಮವಾರ ಪ್ರವೇಶಕ್ಕೆ ಕೊನೆಯ ದಿನ. ಅಪ್ಪ ಇಲ್ಲದ ಮನೆ; ಬ್ಯಾಡಗಿಯಲ್ಲಿರುವ ಸೋದರಮಾವ ಫಕ್ಕೀರಪ್ಪನ ಮಾತೇ ಕೊನೆಯ ಮಾತು. ಅವರು ಬೇಡ ಎಂದಿದ್ದರು. ರಾಣೇಬೆನ್ನೂರಿನಲ್ಲಿ ಆರು ತಿಂಗಳ ಕಂಪ್ಯೂಟರ್ ಕೋರ್ಸು ಮಾಡಲಿ, ಪರಿಚಯದ ಅಂಗಡಿಯಲ್ಲಿ ಬಿಲ್ಲು ಮಾಡುವ ಕೆಲಸ ಕಾದಿದೆ ಎಂದು ಅವರ ವಾದ.

“ಮಾಮಾ ಏನಂತಾನ ಅನ್ನೂದನ್ನ ನಿಮ್ಮ ಮುಂದ ಹೆಂಗ ಹೇಳ್ಲಿ ಅಕ್ಕಾರ,” ಎಂದು ತಲೆ ತಗ್ಗಿಸಿದಳು ಅನಿತಾ.

ನೀಲವ್ವನಿಗೆ ಅಂಥ ಸಂಕೋಚವಿಲ್ಲ. “ನಿಮ್ಮ ಮೇಡಂನ ನೋಡ್ರಿ, ಇತಿಹಾಸ ಓದಿ ಹೂವಿಗೆ ದಾರಾ ಕಟ್ಟಾಕತ್ತಾಳ ಅಂತಾನ್ರಿ ನಮ್ಮಣ್ಣ. ನೀವ ಒಂದ್ ಮಾತು ಹೇಳಿ ಬರ್ರಿ.”

ಹೋಗದೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಆ ಹುಡುಗಿಗೆ ನನ್ನಿಂದ ಒಂದು ಬಾಕಿ ಇತ್ತು. ಹಿಂದಿನ ತಿಂಗಳು ಒಂದು ಬೆಳಿಗ್ಗೆ ಏಳನೆಯ ಸಾಲಿನ ಮುಂದೆ ನಿಂತು, ನಿನ್ನೆಯದು ನೀಲಿ ದಾರ, ನೀಲಿಗೆಲ್ಲ ಪರಾಗ ಹಾಕಿ ಎಂದು ನಾನು ಹೇಳಿದ್ದೆ. ಬಣ್ಣ ಬರೆದ ಪುಸ್ತಕ ಬ್ಯಾಗಿನಲ್ಲೇ ಇತ್ತು, ತೆಗೆಯಲು ಸೋಮಾರಿತನ. ನೆನಪಿದೆಯಲ್ಲ ಎಂಬ ಧೈರ್ಯ. ನೆನಪನ್ನು ನಂಬಬೇಡಿ ಎಂದು ಊರಿಗೆಲ್ಲ ಹೇಳುವವಳು ಮಾಡಿದ ಕೆಲಸವಿದು. ಹೆಂಗಸರು ತಲೆಯಾಡಿಸಿ ಮುಂದಕ್ಕೆ ಹೋದರು. ಅನಿತಾ ಹೋಗಲಿಲ್ಲ. ಸಾಲಿನ ಈ ತುದಿಯಲ್ಲಿದ್ದವಳನ್ನು ನಿನ್ನೆ ಯಾವ ಬಣ್ಣ ಕಟ್ಟಿದಿರಿ ಎಂದು ಕೇಳಿದಳು. ಅವಳ ಉತ್ತರವನ್ನು ಯಾರಿಗೂ ಹೇಳದೆ, ಆ ತುದಿಗೆ ಹೋಗಿ ಮತ್ತೊಬ್ಬಳನ್ನು ಕೇಳಿದಳು. ಆಮೇಲೆ ಬುಟ್ಟಿಯಲ್ಲಿ ಉಳಿದ ತುಂಡು ದಾರ ಎತ್ತಿ ನೋಡಿ, ನನ್ನ ಹತ್ತಿರ ಬಂದು ಮೆಲ್ಲಗೆ ಅಂದಳು: “ಅಕ್ಕಾರ, ನಿನ್ನೆ ಹಳದಿ ಇತ್ತು. ನೀಲಿ ಮೊನ್ನೆ ಸಂತಿ ದಿನದ್ದು.”

ಪುಸ್ತಕ ತೆಗೆದೆ. ಹಳದಿ. ಇನ್ನೊಂದು ತಾಸು ತಡವಾಗಿದ್ದರೆ ಹಿಂದಿನ ದಿನದ ಇಡೀ ಕೆಲಸ ಬಾಡಿಹೋಗುತ್ತಿತ್ತು. ಇಬ್ಬರು ಸಾಕ್ಷಿಗಳನ್ನು ಬೇರೆ ಬೇರೆ ಕೇಳುವುದು, ಆಮೇಲೆ ವಸ್ತುವನ್ನೇ ನೋಡುವುದು, ಎದುರಿಗಿರುವವರು ಮೇಲಿನವರೆಂದು ಒಪ್ಪಿಬಿಡದಿರುವುದು. ನನಗೆ ಇದನ್ನು ಕಲಿಸಲು ವಿಶ್ವವಿದ್ಯಾಲಯಕ್ಕೆ ಎರಡು ವರ್ಷ ಹಿಡಿದಿತ್ತು, ಅಷ್ಟಾಗಿಯೂ ನಾನು ಮರೆತಿದ್ದೆ.

ಶನಿವಾರ ಬ್ಯಾಡಗಿಗೆ ಹೋದೆ. ಬಸ್ಸಿನಲ್ಲಿ ದೊಡ್ಡ ಭಾಷಣವನ್ನು ಸಿದ್ಧಮಾಡಿಕೊಂಡಿದ್ದೆ. ಇತಿಹಾಸ ಓದಿದರೆ ವಿಮರ್ಶಾಶಕ್ತಿ ಬೆಳೆಯುತ್ತದೆ, ಅದು ಎಲ್ಲ ಉದ್ಯೋಗಕ್ಕೂ ಉಪಯುಕ್ತ, ಇತ್ಯಾದಿ. ಕಂಪನಿಯ ಸಭೆಯಲ್ಲಿ ಹೇಳುವಂಥ ಮಾತುಗಳು. ಫಕ್ಕೀರಪ್ಪನವರ ಗೋಣಿಚೀಲದ ಅಂಗಡಿ ಮೆಣಸಿನಕಾಯಿ ಮಾರುಕಟ್ಟೆಯ ಪಕ್ಕದಲ್ಲೇ ಇದೆ. ಮೆಟ್ಟಿಲು ಹತ್ತುವಾಗ ಶುರುವಾದ ಸೀನು ನಿಲ್ಲಲೇ ಇಲ್ಲ.

“ಬರ್ರಿ ಮೇಡಂ, ಕುಂದ್ರಿ. ಹೊರಗಿನೋರು ಬಂದ್ರ ಮೊದಲ ಸೀನಾಕ ಬಿಡ್ತೇವಿ, ಆಮ್ಯಾಲ ಮಾತು,” ಎಂದು ನೀರು ಕೊಟ್ಟರು. ಐವತ್ತರ ಆಸುಪಾಸಿನ ಸಮಾಧಾನದ ಮನುಷ್ಯ. ನಾನು ಕಣ್ಣು ಒರೆಸಿಕೊಳ್ಳುವಾಗ ನೇರವಾಗಿ ಕೇಳಿದರು: “ನೀವು ಎಂ.ಎ. ಮಾಡೀರಿ. ಈಗಿನ ಕೆಲಸಕ್ಕ ಅದು ಬೇಕಾಗಿತ್ತೇನ್ರಿ?”

ಅದೇ ಪ್ರಶ್ನೆ. ನಕ್ಷತ್ರ ಮಾತ್ರ ಇರಲಿಲ್ಲ. ಭಾಷಣವೆಲ್ಲ ಸೀನಿನಲ್ಲಿ ಹಾರಿಹೋಗಿತ್ತು.

“ಬೇಕಾಗಿರಲಿಲ್ರಿ,” ಎಂದೆ.

ಅವರು ಇದನ್ನು ನಿರೀಕ್ಷಿಸಿರಲಿಲ್ಲ. ನಾನೂ ನಿರೀಕ್ಷಿಸಿರಲಿಲ್ಲ. ಮುಂದಿನ ಸೀನಿಗಾಗಿ ತಲೆ ಎತ್ತಿದಾಗ ಗೋಡೆಯ ಮೇಲಿನ ದೊಡ್ಡ ಪಟ ಕಣ್ಣಿಗೆ ಬಿತ್ತು. ರಸಾಯನಶಾಸ್ತ್ರದ ಮೂಲವಸ್ತುಗಳ ಕೋಷ್ಟಕ, ಒಂದೊಂದು ಚೌಕಕ್ಕೂ ಬಣ್ಣ.

“ಅದ್ಯಾರದ್ರಿ?”

“ನಂದ. ಬಿ.ಎಸ್ಸಿ. ಕೆಮಿಸ್ಟ್ರಿ ಮಾಡೇನಿ.”

“ಚೀಲಾ ಮಾರಾಕ ಬೇಕಾಗಿತ್ತೇನ್ರಿ?”

ಅವರ ತುಟಿಯಂಚಿನಲ್ಲಿ ನಗು ಬಂದಂತಾಗಿ ನಿಂತಿತು. “ಅಲ್ಲಿ ಗ್ವಾಡಿ ಸುಣ್ಣ ಉದುರಿತ್ರಿ. ಮುಚ್ಚಾಕ ಹಾಕೇನಿ.”

ಸುಣ್ಣ ಇನ್ನೂ ನಾಲ್ಕು ಕಡೆ ಉದುರಿತ್ತು, ಅಲ್ಲೆಲ್ಲೂ ಪಟವಿರಲಿಲ್ಲ. ಇದ್ದ ಒಂದಕ್ಕೆ ಹೊಸದಾಗಿ ಪ್ಲಾಸ್ಟಿಕ್ ಹೊದಿಕೆ ಹಾಕಿಸಿದ್ದರು. ನಾನು ಅದನ್ನು ಎತ್ತಿ ಆಡಲಿಲ್ಲ. ಬದಲಿಗೆ ಏಳನೆಯ ಸಾಲಿನ ನನ್ನ ತಪ್ಪನ್ನು ಹೇಳಿದೆ, ಅನಿತಾ ಅದನ್ನು ಹಿಡಿದ ಬಗೆಯನ್ನೂ ಹೇಳಿದೆ.

“ಹಂಗಾರ ತಲಿ ಚಲೋ ಐತಿ,” ಎಂದರು. “ಅಂಥಾ ತಲೀನ ತಗೊಂಡು ಹೋಗಿ ಇತಿಹಾಸಕ್ಕ ಯಾಕ ಹಾಕೂದು? ನಾಳೆ ಆಕಿನೂ ನಿಮ್ಮಂಗ ಹೊಲದಾಗ ನಿಂತ್ರ?”

ಆಗ ನನಗೆ ಸಿಟ್ಟು ಬಂತು. ಫಕ್ಕೀರಪ್ಪನವರ ಮೇಲಲ್ಲ, ಫಾರ್ಮಿನ ಮೇಲೆ, ಮದುವೆಮನೆಗಳ ಮೇಲೆ, ಒಂಬತ್ತು ವರ್ಷ ಒಂದೊಂದು ನೆಪ ಹೇಳುತ್ತ ಬಂದ ನನ್ನ ಮೇಲೆ. ಹಾಡು ಬರುವ ಕಂಡಕ್ಟರನನ್ನು, ಹಾಡಿಗೂ ಟಿಕೆಟ್ಟಿಗೂ ಏನು ಸಂಬಂಧ ಎಂದು ಯಾರೂ ಕೇಳುವುದಿಲ್ಲ. ಓದನ್ನು ಮಾತ್ರ ಪ್ರತಿದಿನ ಕಟಕಟೆಗೆ ಹತ್ತಿಸುತ್ತೇವೆ.

“ನಿಂತ್ರ ನಿಂದರ್ಲಿ ಬಿಡ್ರಿ. ಓದಿ ನಿಂದರ್ತಾಳ,” ಎಂದೆ. “ನೌಕರಿ ಸಿಗತೈತಿ ಅಂತ ನಾ ಹೇಳೂದಿಲ್ಲ. ಆಕಿಗೆ ಅದು ಬೇಕಾಗೇತಿ. ಮತ್ತ್ಯಾವ ಕಾರಣಾನೂ ನನ್ನ ಹತ್ರ ಇಲ್ರಿ.”

ಅವರು ಗೋಣಿಯ ದಾರವೊಂದನ್ನು ಬೆರಳಿಗೆ ಸುತ್ತುತ್ತ ಕೂತರು. ಕೊನೆಗೆ, “ಚಾ ಕುಡೀರಿ” ಎಂದರಷ್ಟೆ.

ವಾಪಸು ಬರುವ ಬಸ್ಸಿನಲ್ಲಿ ನನಗೆ ಅರಿವಾಯಿತು, ಹುಡುಗಿಯ ಪರವಾಗಿ ಹೋಗಿ ಎದುರಾಳಿಯ ಸಾಕ್ಷಿಯನ್ನೇ ನುಡಿದು ಬಂದಿದ್ದೆ. ಓದಿಗೂ ಕೆಲಸಕ್ಕೂ ಸಂಬಂಧವಿಲ್ಲವೆಂದು ಒಪ್ಪಿಕೊಂಡ ಮೇಲೆ ಯಾವ ಮಾವ ಕಳಿಸಿಯಾನು? ಒಂದು ಸಣ್ಣ ಸುಳ್ಳು ಹೇಳಿದ್ದರೆ ಅವಳ ದಾರಿ ಸುಲಭವಾಗುತ್ತಿತ್ತೇನೋ. ನನ್ನ ಹಟಕ್ಕೆ ಅವಳ ಮೂರು ವರ್ಷವನ್ನು ಪಣಕ್ಕಿಟ್ಟೆನೇ? ಭಾನುವಾರವೆಲ್ಲ ಇದೇ ಯೋಚನೆ.

ಸೋಮವಾರ ಬೆಳಿಗ್ಗೆ ನೀಲವ್ವ ಒಬ್ಬಳೇ ಬಂದಳು. “ಅಣ್ಣ ಹೊತ್ತ್ ಹುಟ್ಟೂದರಾಗ ಬಂದಾ. ಆಕೀನ ಗಾಡಿ ಮ್ಯಾಲ ಕುಂಡ್ರಿಸ್ಕೊಂಡು ಹೋದಾ. ಎಲ್ಲಿಗೆ ಅಂತ ಕೇಳಿದ್ರ, ಹಾವೇರ್ಯಾಗ ಚೀಲದ ಕೆಲಸ ಐತಿ ಅಂದಾ,” ಎಂದಳು. ಚೀಲದ ಕೆಲಸಕ್ಕೆ ಹುಡುಗಿ ಯಾಕೆ ಎಂದು ಕೇಳುವ ಧೈರ್ಯ ನಮ್ಮಿಬ್ಬರಿಗೂ ಆಗಲಿಲ್ಲ. ಅನಿತಾಳ ಸಾಲು ಖಾಲಿ ಇತ್ತು. ನಾನೇ ಪರಾಗದ ಡಬ್ಬಿ ಹಿಡಿದು ಹೊಕ್ಕೆ. ಹಸಿರು ದಾರ, ಈ ಸಲ ಪುಸ್ತಕ ನೋಡಿಕೊಂಡೇ ಹೊಕ್ಕಿದ್ದೆ. ನನ್ನ ಕೈಚಳಕ ಕಂಡು ಪಕ್ಕದ ಸಾಲಿನಿಂದ ನೀಲವ್ವ, “ಬೀಗತಿ, ಮೆತ್ತಗ. ಮದಲಿಂಗಿತ್ತಿ ಮಾರಿ ಹರದೀತು,” ಎಂದಳು.

ಅರ್ಧ ಸಾಲು ಮುಗಿದಿರಬೇಕು, ಫೋನು ಬಂತು. ಅನಿತಾ. ಹಿಂದೆ ಗದ್ದಲ.

“ಅಕ್ಕಾರ, ಕಾಲೇಜಿನ್ಯಾಗ ಅದೇನಿ. ಇಲ್ಲೊಂದು ಫಾರ್ಮ್ ಕೊಟ್ಟಾರ. ಈ ವಿಷಯ ಯಾಕ ಆರಿಸಿಕೊಂಡಿರಿ ಅಂತ ಕೇಳ್ಯಾರ. ಏನ್ ಬರೀಲಿ?”

ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಇನ್ನೊಂದು ದನಿ ಕೇಳಿಸಿತು. “ಬೇಕಾಗಿತ್ತು ಅಂತ ಬರಿ.”

“ಹಂಗ ಬರದ್ರ ನಡೀತೈತೇನ್ ಮಾಮಾ?”

“ಜಾಗ ಬಿಟ್ಟಾರಿಲ್ಲೋ? ಬರಿ. ಲಗೂ ಮುಗಸು, ನಂದು ಚೀಲದ ಕೆಲಸ ಐತಿ.”

ನೀಲವ್ವನಿಗೆ ಫೋನು ಕೊಟ್ಟು ನಾನು ಬದುವಿನ ಮೇಲೆ ಕೂತೆ. ಅವಳ ಮಾತು ಮುಗಿದ ಮೇಲೆ, ಸೆರಗಿಗೆ ಕೈ ಒರೆಸಿಕೊಂಡು ನನ್ನ ಫಾರ್ಮು ತೆರೆದು ‘ಇಲ್ಲ’ ಎಂಬ ಸೊನ್ನೆಯನ್ನು ಒತ್ತಿದೆ. ಕೆಂಪು ನಕ್ಷತ್ರಕ್ಕೆ ತೃಪ್ತಿಯಾಯಿತು. ಕೆಳಗೆ ‘ಇತರ ಅಭಿಪ್ರಾಯ’ ಎಂದು ಒಂದು ಖಾಲಿ ಚೌಕವಿತ್ತು; ಅಲ್ಲಿ ನಕ್ಷತ್ರವಿರಲಿಲ್ಲ, ಬರೆಯಲೇಬೇಕೆಂದಿರಲಿಲ್ಲ. ಬರೆದೆ: ‘ಆದರೂ ಬೇಕಾಗಿತ್ತು.’

ಆ ಸಂಜೆ ಡೈರಿಯಲ್ಲಿ ಎಲ್ಲವನ್ನೂ ಇದ್ದ ಹಾಗೆ ಬರೆದಿಟ್ಟಿದ್ದೇನೆ. ಫಕ್ಕೀರಪ್ಪನವರ ಮನಸ್ಸು ತಿರುಗಿದ್ದು ನನ್ನ ಮಾತಿಗೋ, ಗೋಡೆಯ ಪಟಕ್ಕೋ, ಶನಿವಾರಕ್ಕೆ ಮೊದಲೇ ತಿರುಗಿತ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಎಂದೇ ಬರೆದಿದ್ದೇನೆ. ಹತ್ತು ವರ್ಷದ ಮೇಲೆ ಯಾವುದೋ ಮದುವೆಮನೆಯಲ್ಲಿ, ಅವರನ್ನು ಒಪ್ಪಿಸಿದವಳು ನಾನೇ ಎಂದು ನಾನು ಹೇಳುತ್ತಿರುವುದು ನಿಮ್ಮ ಕಿವಿಗೆ ಬಿದ್ದರೆ ದಯವಿಟ್ಟು ನಂಬಬೇಡಿ. ಅನಿತಾಳನ್ನು ಕೇಳಿ. ಆಮೇಲೆ ನೀಲವ್ವನನ್ನು, ಬೇರೆಯಾಗಿ ಕರೆದು ಕೇಳಿ.