ಕಮ್ಮಿ ಬಿದ್ದ ವೋಲ್ಟೇಜ್

ಚಿಂತಾಮಣಿಯ ಕಾಲೇಜೊಂದಕ್ಕೆ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ನಡೆಸಲು ಹೋಗಿದ್ದೆ. ಸರಣಿಯಲ್ಲಿ ಜೋಡಿಸಿದ ರೆಸಿಸ್ಟರ್‌ಗಳ ವೋಲ್ಟೇಜುಗಳನ್ನು ಕೂಡಿದರೆ ಬ್ಯಾಟರಿಯ ವೋಲ್ಟೇಜ್ ಬರಬೇಕು. ಹತ್ತಿರದ ಕೈವಾರ ಊರಿನಿಂದ ಬರುವ ಹುಡುಗಿಯೊಬ್ಬಳಿಗೆ ಕಮ್ಮಿ ಬಂದಿತ್ತು.

“ಯಾಕಮ್ಮ, ಲೆಕ್ಕ ಸರಿಹೋಗ್ತಿಲ್ಲ?” ಎಂದೆ.

“ಮೀಟರ್ ತೋರಿಸಿದ್ದನ್ನೇ ಬರ್ದಿದೀನಿ ಮೇಡಂ,” ಎಂದಳು. ಕಣ್ಣು ತುಂಬಿತ್ತು. “ಫೇಲ್ ಮಾಡ್ತೀರಾ?”

“ಇಲ್ಲಮ್ಮ. ಉಳಿದಿದ್ದು ಎಲ್ಲಿ ಹೋಯ್ತು ಅಂತ ಹುಡುಕು.”

ಅವಳು ಮೀಟರಿನ ವೈರುಗಳನ್ನು ಒಂದೊಂದೇ ಜೋಡಣೆಗೆ ತಾಗಿಸಿ ನೋಡಿದಳು. ತುಕ್ಕು ಹಿಡಿದ ಒಂದು ಕ್ಲಿಪ್ಪಿನ ಹತ್ತಿರ ಕಮ್ಮಿ ಬಿದ್ದಷ್ಟೂ ಸಿಕ್ಕಿತು. ಅದನ್ನು ಸೇರಿಸಿದಾಗ ಮೊತ್ತ ಸರಿಹೋಯಿತು. ಮುಖ ಒರೆಸಿಕೊಂಡು ಅದನ್ನೂ ಬರೆದಳು. ಪೂರ್ತಿ ಅಂಕ ಕೊಟ್ಟೆ.

ಬೆಳಿಗ್ಗೆಯಿಂದ ಅದೇ ಕ್ಲಿಪ್ಪಿನಲ್ಲಿ ಪ್ರಯೋಗ ಮಾಡಿದ್ದ ಉಳಿದವರಿಗೆಲ್ಲ ಮೊತ್ತ ಸಲೀಸಾಗಿ ಹೊಂದಿದ್ದು ಹೇಗೆಂದು ಮಾತ್ರ ಕೇಳಲು ಹೋಗಲಿಲ್ಲ.